ಆಮ್‌ಸ್ಟರ್‌ಡ್ಯಾಮ್ 750: ಯಾವ ಹಳೇ ಮನೆಗೆ ಟಿಕೆಟ್ ತಗೊಳ್ಳಬೇಕು?

ಆಮ್‌ಸ್ಟರ್‌ಡ್ಯಾಮ್ ತನ್ನ ವಯಸ್ಸನ್ನು 1275ರ ಅಕ್ಟೋಬರ್ 27ರಿಂದ ಎಣಿಸುತ್ತದೆ. ಆಮ್‌ಸ್ಟೆಲ್ ನದಿಯ ಒಡ್ಡಿನ ಬಳಿ ಇದ್ದ ಜನರಿಗೆ ಹಾಲೆಂಡ್ ಪ್ರಾಂತದ ದೊರೆ ಕೌಂಟ್ ಐದನೇ ಫ್ಲೋರಿಸ್ ಸುಂಕ ಮನ್ನಾ ಮಾಡಿ ಪತ್ರ ಕೊಟ್ಟ ದಿನ ಅದು. 750ನೇ ವರ್ಷದ ಹಬ್ಬ 2025ರ ಅಕ್ಟೋಬರ್‌ಗೆ ಮುಗಿದಿದೆ. ಹೆದ್ದಾರಿ ಮುಚ್ಚಿ ಕುಣಿದದ್ದೂ ಆಯಿತು. ಹಬ್ಬದ ನೆಪದಲ್ಲಿ ಜನ ಹುಡುಕಿಕೊಂಡು ಹೋದ ಹಳೇ ಮನೆಗಳು ಮಾತ್ರ ಈಗಲೂ ನೋಡಲು ಸಿಗುತ್ತವೆ.

750 ವರ್ಷದ ಮನೆಯನ್ನು ಹುಡುಕಿಕೊಂಡು ಹೋದರೆ ನಿರಾಸೆಯೇ. 1421 ಮತ್ತು 1452ರ ಬೆಂಕಿಗೆ ಮರದ ಊರು ಬಹುಪಾಲು ಬೂದಿಯಾಯಿತು. ಮುಂದೆ ಇಟ್ಟಿಗೆಯೇ ಕಟ್ಟಳೆಯಾಯಿತು. ಉಳಿದ ಬೆರಳೆಣಿಕೆಯ ಮರದ ಮನೆಗಳಲ್ಲಿ ಒಂದು ಬೆಗೇನ್‌ಹೋಫ್ ಅಂಗಳದ 34ನೇ ಸಂಖ್ಯೆಯದು, 16ನೇ ಶತಮಾನದ್ದು. ಅದನ್ನು ಹೊರಗಿನಿಂದ ಮಾತ್ರ ನೋಡಬೇಕು. ಸುತ್ತಲಿನ ಮನೆಗಳಲ್ಲಿ ಜನ ವಾಸವಿರುವುದರಿಂದ ಅಲ್ಲಿ ದನಿ ತಗ್ಗಿಸಿರಬೇಕು. ಟಿಕೆಟ್ ಕೊಟ್ಟು ಒಳಹೋಗುವ, ಮುಂದೆ ಹೇಳುವ ಮನೆಗಳೆಲ್ಲ 17ನೇ ಶತಮಾನದವು.

ಒಂದೇ ಮನೆಗೆ ಸಮಯವಿದ್ದರೆ ಔಡೆಜೈಡ್ಸ್ ಫೋರ್‌ಬರ್ಗ್‌ವಾಲ್ ಕಾಲುವೆಯ ಮೇಲಿರುವ 'ಓನ್ಸ್ ಲೀವ ಹೇರ್ ಓಪ್ ಸೋಲ್ಡರ್' ನೋಡಿ. ಅಟ್ಟದ ಮೇಲಿನ ಚರ್ಚು. ಊರಿನ ಆಡಳಿತ ಪ್ರಾಟೆಸ್ಟಂಟರ ಕೈಗೆ ಹೋದ 1578ರ ನಂತರ ಇಲ್ಲಿ ಕ್ಯಾಥೊಲಿಕರ ಬಹಿರಂಗ ಪೂಜೆಗೆ ನಿಷೇಧವಿತ್ತು. ಬೀದಿಗೆ ಕಾಣದಂತೆ ಮಾಡಿದರೆ ಆಡಳಿತ ಕಂಡೂ ಕಾಣದಂತಿರುತ್ತಿತ್ತು. ಹಾಗಾಗಿ ಯಾನ್ ಹಾರ್ಟ್‌ಮನ್ ಎಂಬ ವ್ಯಾಪಾರಿ 1661ರಲ್ಲಿ ಕಾಲುವೆ ಮುಖದ ಮನೆಯನ್ನೂ ಹಿಂದಿನ ಎರಡನ್ನೂ ಕೊಂಡು, ಮೂರರ ಮೇಲಂತಸ್ತುಗಳನ್ನು ಸೇರಿಸಿ 1663ರ ಹೊತ್ತಿಗೆ ಚರ್ಚು ಮಾಡಿಸಿದ. ಮಹಡಿಗಳ ನಡುಭಾಗವನ್ನು ಕೊರೆದು ತೆಗೆದಿದ್ದಾರೆ, ಅಂಚಿನಲ್ಲಿ ಉಳಿದದ್ದೇ ಗ್ಯಾಲರಿ. ಅವನ್ನು ಎಳೆದು ಹಿಡಿದಿರುವ ಕಬ್ಬಿಣದ ಸರಳುಗಳನ್ನು ತಲೆಯೆತ್ತಿ ನೋಡಿ. ಪೂಜಾ ವೇದಿಕೆಯ ಎಡಗಂಬದ ಬುಡದಲ್ಲಿ ಪ್ರವಚನ ಪೀಠ ಮಡಚಿ ಕೂತಿದೆ. ಜಾಗ ಸಾಲದೆ ಮಾಡಿದ ಉಪಾಯ ಅದು. ಆಡಿಯೋ ಗೈಡ್ ಬಿಡಬೇಡಿ. ಕೆಳಗಿನ ಕೋಣೆಗಳನ್ನು ಗಡಿಬಿಡಿಯಲ್ಲಿ ದಾಟಿದರೆ ಅಟ್ಟಕ್ಕೆ ಬಂದಾಗ ಇದು ಮನೆಯೆಂಬುದೇ ಮರೆತುಹೋಗುತ್ತದೆ. ಒಂದೂವರೆ ಗಂಟೆ ಬೇಕು.

ಕೈಜರ್ಸ್‌ಗ್ರಾಕ್ಟ್ 672ರ ಫಾನ್ ಲೋನ್ ಮನೆ ಇದಕ್ಕೆ ಪೂರ್ತಿ ವಿರುದ್ಧ, ಸಿರಿಯನ್ನು ತೋರಿಸಲೆಂದೇ ಕಟ್ಟಿದ್ದು. 1672ರ ಕಟ್ಟಡ, ವಾಸ್ತುಶಿಲ್ಪಿ ಆಡ್ರಿಯಾನ್ ಡಾರ್ಟ್ಸ್‌ಮನ್. ಮೊದಲ ಬಾಡಿಗೆದಾರ ಚಿತ್ರಕಾರ ರೆಂಬ್ರಾಂಟನ ಶಿಷ್ಯ ಫರ್ಡಿನಾಂಡ್ ಬೋಲ್. ಮೆಟ್ಟಿಲಿನ ಹಿತ್ತಾಳೆ ಕಟಾಂಜನದಲ್ಲಿ ಹಿಂದಿನ ಮಾಲೀಕ ದಂಪತಿಯ ಮನೆತನದ ಹೆಸರು, ಫಾನ್ ಹಾಗೆನ್ ಮತ್ತು ಟ್ರಿಪ್, ಬಳ್ಳಿಗಳ ನಡುವೆ ಹೆಣೆದಿದೆ. ಹುಡುಕಿ ಓದಬೇಕು. ಹಿತ್ತಲಿನ ತೋಟ, ಅದರ ತುದಿಯ ಸಾರೋಟು ಕೊಟ್ಟಿಗೆ ಎರಡೂ ಉಳಿದಿರುವುದು ಇದರ ಹೆಚ್ಚುಗಾರಿಕೆ. ಮನೆತನದ ಹಿರಿಯ ವಿಲ್ಲೆಮ್ ಫಾನ್ ಲೋನ್ ಡಚ್ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದವರಲ್ಲಿ ಒಬ್ಬ. ನಮ್ಮ ಬಸರೂರಿನಲ್ಲೂ ವಖಾರಿ ಇಟ್ಟಿದ್ದ ಕಂಪನಿಯೇ ಅದು. ಕರಾವಳಿಯವರಿಗೆ ಇಲ್ಲಿನ ಪಿಂಗಾಣಿ ಬೇರೆಯೇ ಥರ ಕಂಡೀತು.

ರೆಂಬ್ರಾಂಟನ ಮನೆ ಕೈಬಿಡಬೇಕಾದ್ದಲ್ಲ, ಆದರೆ ಒಳಗಿನ ಸಾಮಾನು ಅವನದೆಂದು ನಂಬಬೇಡಿ. 1639ರಲ್ಲಿ 13,000 ಗಿಲ್ಡರ್‌ಗೆ ಕೊಂಡ ಮನೆಯ ಸಾಲ ತೀರದೆ 1656ರಲ್ಲಿ ಅವನು ದಿವಾಳಿಯಾದ. ಆಗ ಅಧಿಕಾರಿಗಳು ಕೋಣೆಕೋಣೆಗೂ ಹೋಗಿ ಬರೆದ ಜಪ್ತಿ ಪಟ್ಟಿಯನ್ನೇ ಆಧಾರವಾಗಿಟ್ಟು ಒಳಾಂಗಣವನ್ನು ಮರಳಿ ಜೋಡಿಸಿದ್ದಾರೆ. ದಿವಾಳಿತನದಿಂದ ಇಷ್ಟು ಉಪಕಾರವಾದರೂ ಆಯಿತು! ತಾಮ್ರದ ತಗಡಿನ ಮುದ್ರಣದ ಪ್ರಾತ್ಯಕ್ಷಿಕೆ ಎಷ್ಟು ಹೊತ್ತಿಗೆಂದು ಬಾಗಿಲಲ್ಲೇ ಕೇಳಿ, ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಹೆಚ್ಚು ಜನ ಎಡವುವುದು ಆನ್ ಫ್ರಾಂಕ್ ಮನೆಯ ಟಿಕೆಟ್‌ನಲ್ಲಿ. ಯಹೂದಿ ಹುಡುಗಿ ಆನ್ ನಾಜಿಗಳ ಕಣ್ಣು ತಪ್ಪಿಸಿ ಅಡಗಿದ್ದು ದಿನಚರಿ ಬರೆದ ಮನೆ ಇದು. ಬಾಗಿಲಲ್ಲಿ ಮಾರುವುದಿಲ್ಲ. ಪ್ರತಿ ಮಂಗಳವಾರ ಅಲ್ಲಿನ ಬೆಳಿಗ್ಗೆ 10ಕ್ಕೆ, ಆರು ವಾರ ಮುಂದಿನ ಟಿಕೆಟ್‌ಗಳು ಅವರ ಜಾಲತಾಣದಲ್ಲಿ ತೆರೆಯುತ್ತವೆ. ಭಾರತದಲ್ಲಿ ಆಗ ಬೇಸಿಗೆಯಲ್ಲಾದರೆ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಮ್ಯೂಸಿಯಂ ಕಾರ್ಡ್ ಇದ್ದರೂ ಸಮಯ ಕಾಯ್ದಿರಿಸಲೇಬೇಕು, ಪ್ರವಾಸಿಗರ ನಗರ ಪಾಸ್ ಆದ ಐ ಆಮ್‌ಸ್ಟರ್‌ಡ್ಯಾಮ್ ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಎ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡರು. ಅಡಗುಕೋಣೆಗಳು ಖಾಲಿ: ನಾಜಿಗಳು ಸಾಮಾನು ಹೊತ್ತೊಯ್ದ ಮೇಲೆ ಹಾಗೇ ಇರಲೆಂದದ್ದು ಆನ್‌ಳ ತಂದೆ ಓಟೋ ಫ್ರಾಂಕ್.

ಈ ಮನೆಗಳ ಹಳೇ ಮೆಟ್ಟಿಲುಗಳು ಇಕ್ಕಟ್ಟು, ಏಣಿಯಷ್ಟು ಕಡಿದು. ಪಾದ ಪೂರ್ತಿ ಊರಲು ಜಾಗವಿರುವುದಿಲ್ಲ. ಇಳಿಯುವಾಗ ಮೆಟ್ಟಿಲಿಗೆ ಮುಖ ಮಾಡಿ, ಹಿಂಬದಿಯಾಗಿ ಇಳಿಯುವುದೇ ಕ್ಷೇಮ. ಇದೇ ಕಾರಣಕ್ಕೆ ಮಂಚ, ಬೀರು ಎಲ್ಲ ಕಿಟಕಿಯಿಂದಲೇ ಒಳಹೋಗುತ್ತಿದ್ದವು. ಸೂರಿನ ಕೆಳಗೆ ಕೊಕ್ಕೆಯಿರುವ ತೊಲೆ ಚಾಚಿರುವುದು ಅದಕ್ಕೇ, ಎತ್ತುವಾಗ ಸಾಮಾನು ಗೋಡೆಗೆ ಉಜ್ಜದಿರಲೆಂದು ಮುಂಗೋಡೆಯನ್ನೂ ಬೀದಿಯತ್ತ ತುಸು ಬಾಗಿಸಿ ಕಟ್ಟಿದ್ದಾರೆ. ಆದರೆ ಪಕ್ಕಕ್ಕೆ ವಾಲಿದ ಮನೆಗಳದು ಬೇರೆ ಕಥೆ. ಕೆಸರು ನೆಲದಲ್ಲಿ ಇಳಿಸಿದ ಮರದ ಕಂಬಗಳು ಕೊಳೆತೋ ಕುಸಿದೋ ಆದ ಎಡವಟ್ಟು ಅದು.

ಇನ್ನೂ ದಿನಾಂಕ ಗೊತ್ತು ಮಾಡಿಲ್ಲದವರು ಜೂನ್ ಮೂರನೇ ವಾರಾಂತ್ಯ ನೋಡಿ. ಕಾಲುವೆ ಮನೆಗಳ ಖಾಸಗಿ ಹಿತ್ತಲುಗಳು ಆಗ ಒಂದೇ ಟಿಕೆಟ್‌ಗೆ ತೆರೆಯುತ್ತವೆ. ದುಡ್ಡು ಉಳಿಸಬೇಕೆಂದರೆ ಸೆಪ್ಟೆಂಬರ್ ಎರಡನೇ ವಾರಾಂತ್ಯದ ಸ್ಮಾರಕ ದಿನಗಳು. ಬಹಳಷ್ಟು ಕಟ್ಟಡಗಳು ಪುಕ್ಕಟೆ, ಸಾಲು ಮಾತ್ರ ಉದ್ದ.