ವಿ4 ಡಾಂಗಲ್ ಚೆನ್ನಾಗಿದೆ, ಆದರೆ ಅದರ ಮೆಮೊರಿಗೆ ಕೈ ಹಾಕುವ ಮೊದಲು ಬ್ಯಾಕಪ್ ತಗೊಳ್ಳಿ

ಮೈಸೂರಿನ ನಮ್ಮ ಮನೆ ತಾರಸಿ ಮೇಲೆ ಎರಡು ಆಂಟೆನಾ ಇವೆ. ಎರಡಕ್ಕೂ ಒಂದೊಂದು ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ4 ಯುಎಸ್‌ಬಿ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್. ಒಂದು 1090 ಮೆಗಾಹರ್ಟ್ಸ್‌ನಲ್ಲಿ ವಿಮಾನಗಳ ಸಿಗ್ನಲ್ ಹಿಡಿಯುತ್ತದೆ. ಇನ್ನೊಂದರಲ್ಲಿ ಬೆಳಿಗ್ಗೆ ಮೈಸೂರು ಆಕಾಶವಾಣಿಯ 100.6 ಎಫ್‌ಎಂ, ರಾತ್ರಿ ಶಾರ್ಟ್‌ವೇವ್. ರಿಸೀವರ್ ಆಗಿ ನನಗೆ ತುಂಬಾ ಇಷ್ಟವಾಗಿದೆ. ಲೋಹದ ಕೇಸ್ ಗಟ್ಟಿಯಾಗಿದೆ, ಫ್ರೀಕ್ವೆನ್ಸಿ ಅತ್ತಿತ್ತ ಸರಿಯುವುದಿಲ್ಲ, ಶಾರ್ಟ್‌ವೇವ್‌ಗೆ ಬೇರೆ ಪೆಟ್ಟಿಗೆ ಬೇಕಿಲ್ಲ. ಇಷ್ಟನ್ನು ಎಲ್ಲರೂ ಬರೆದಿದ್ದಾರೆ. ನಾನು ಹೇಳಬೇಕಿರುವುದು ಇದರೊಳಗಿನ ಪುಟ್ಟ ಈಪ್ರಾಮ್ ಮೆಮೊರಿ ಬಗ್ಗೆ.

ಇದು ಬರೀ 256 ಬೈಟ್. ತಯಾರಕರ ಹೆಸರು, ಮಾಡೆಲ್ ಹೆಸರು, ಸೀರಿಯಲ್ ನಂಬರ್ ಇದರಲ್ಲಿ ಇರುತ್ತವೆ, ಕರೆಂಟ್ ಹೋದರೂ ಅಳಿಯುವುದಿಲ್ಲ. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ), ಪಿಪಿಎಂ (ಫ್ರೀಕ್ವೆನ್ಸಿ ತಪ್ಪಿನ ತಿದ್ದುಪಡಿ), ಫ್ರೀಕ್ವೆನ್ಸಿ ಎಲ್ಲ ಇಲ್ಲೇ ಸೇವ್ ಆಗುತ್ತವೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ, ಅವು ಕಂಪ್ಯೂಟರಿನ ಸಾಫ್ಟ್‌ವೇರ್‌ನಲ್ಲಿ ಇರುವಂಥವು.

ಹಾಗಾದರೆ ಇದನ್ನು ಮುಟ್ಟುವುದು ಯಾಕೆ ಅಂತೀರಾ? ಎರಡು ಡಾಂಗಲ್ ಇದ್ದರೆ ಎರಡರ ಸೀರಿಯಲ್ಲೂ 00000001 ಅಂತ ಬರಬಹುದು. ಆಗ ಸಾಫ್ಟ್‌ವೇರ್ 0, 1 ಅಂತ ಸಾಲಾಗಿ ಎಣಿಸುತ್ತದೆ, ಒಮ್ಮೆ ರೀಸ್ಟಾರ್ಟ್ ಮಾಡಿದರೆ ಅಥವಾ ಪೋರ್ಟ್ ಬದಲಿಸಿದರೆ ಆ ಸಾಲು ಅದಲುಬದಲಾಗಬಹುದು. ನನ್ನ ವಿಮಾನದ ಆಂಟೆನಾಗೆ ಆಂಪ್ಲಿಫೈಯರ್ ಇದೆ, ಅದಕ್ಕೆ ಡಾಂಗಲ್‌ನ ಬಯಾಸ್ ಟೀ (ಆಂಟೆನಾ ವೈರಿನಲ್ಲೇ ಕರೆಂಟ್ ಕಳಿಸುವ ಸೌಲಭ್ಯ) 4.5 ವೋಲ್ಟ್ ಕೊಡುತ್ತದೆ. ಸಾಲು ತಪ್ಪಿದರೆ ಆ ವೋಲ್ಟೇಜ್ ಇನ್ನೊಂದು ಆಂಟೆನಾ ವೈರಿಗೆ ಹೋಗುತ್ತದೆ. ಅದಕ್ಕೇ ಒಂದೊಂದಕ್ಕೂ ಬೇರೆ ಸೀರಿಯಲ್ ಕೊಡಲೇಬೇಕು.

ಇದಕ್ಕೆ ಆರ್‌ಟಿಎಲ್_ಈಪ್ರಾಮ್ (rtl_eeprom) ಅನ್ನುವ, ಕಮಾಂಡ್ ಟೈಪ್ ಮಾಡಿ ಓಡಿಸುವ ಟೂಲ್ ಇದೆ. ಉಳಿದ ಡಾಂಗಲ್ ಎಲ್ಲ ಕಿತ್ತು ಒಂದನ್ನು ಮಾತ್ರ ಚುಚ್ಚಿ. ಮೊದಲ ಕೆಲಸ, ಕಮಾಂಡ್ ಜೊತೆ ಹೈಫನ್ ಆರ್ (-r) ಕೊಟ್ಟು ಇಡೀ ಮೆಮೊರಿಯನ್ನು ಒಂದು ಫೈಲಿಗೆ ಇಳಿಸಿಕೊಳ್ಳಿ, ಆ ಫೈಲಿಗೆ ಯಾವ ಡಾಂಗಲ್‌ನದು ಅಂತ ಗೊತ್ತಾಗುವ ಹೆಸರಿಡಿ. ಆಮೇಲೆ ಹೈಫನ್ ಎಸ್ (-s) ಕೊಟ್ಟು ಸೀರಿಯಲ್ ಒಂದನ್ನೇ ಬದಲಿಸಿ. ಬರೆಯುವ ಮೊದಲು ಟೂಲ್ ಹಳೆಯದು ಹೊಸದು ಎರಡನ್ನೂ ತೋರಿಸಿ ಒಪ್ಪಿಗೆ ಕೇಳುತ್ತದೆ, ಸುಮ್ನೆ ವೈ ಒತ್ತಬೇಡಿ, ಓದಿ. ಬ್ಯಾಟರಿ ಇರುವ ಲ್ಯಾಪ್‌ಟಾಪ್‌ನಲ್ಲಿ ಮಾಡಿದರೆ ನಡುವೆ ಕರೆಂಟ್ ಹೋಗುವ ಭಯ ಇಲ್ಲ. ಮುಗಿದ ಮೇಲೆ ಕಿತ್ತು ಮತ್ತೆ ಚುಚ್ಚಿದರೇನೇ ಹೊಸ ನಂಬರ್ ಕಾಣುವುದು.

ಸೀರಿಯಲ್ ಆಗಿ 0 ಅಥವಾ 1 ಬೇಡ. ಟೂಲ್‌ಗಳು ಅದನ್ನು ಸಾಲಿನ ನಂಬರ್ ಅಂತಲೇ ಮೊದಲು ತಿಳಿಯುತ್ತವೆ. ನಾನು 1090 ಅಂತ ಇಟ್ಟಿದ್ದೇನೆ, ನೋಡಿದ ತಕ್ಷಣ ಅದರ ಕೆಲಸವೂ ಗೊತ್ತಾಗುತ್ತದೆ ಅಲ್ವಾ?

ಈಗ ವಿ4ರ ನಿಜವಾದ ಅಪಾಯಕ್ಕೆ ಬರುತ್ತೇನೆ. ಮಂಡ್ಯದ ನನ್ನ ಗೆಳೆಯರೊಬ್ಬರು ಯಾವುದೋ ಹಳೇ ವಿಡಿಯೋ ನೋಡಿ ಸೀರಿಯಲ್ ಜೊತೆ ಮಾಡೆಲ್ ಹೆಸರನ್ನೂ ಬದಲಿಸಿದರು. ಡಾಂಗಲ್ ಕಿವುಡಾಯಿತು, ಯಾವ ಸ್ಟೇಷನ್ನೂ ಇಲ್ಲ. ಹಾಳಾಯಿತು ಅಂತ ಎಸೆಯುವುದರಲ್ಲಿದ್ದರು ಪಾಪ. ಅದು ಹಾಳಾಗಿರಲಿಲ್ಲ. ಡ್ರೈವರ್ ವಿ4 ಅನ್ನು ಗುರುತಿಸುವುದೇ ಈ ಮೆಮೊರಿಯ ಎರಡು ಹೆಸರಿನಿಂದ. ಅವು ಹೊಂದದಿದ್ದರೆ ಒಳಗಿನ ಆರ್828ಡಿ ಟ್ಯೂನರ್ ಚಿಪ್‌ಗೆ 16 ಮೆಗಾಹರ್ಟ್ಸ್ ಕ್ರಿಸ್ಟಲ್ (ಫ್ರೀಕ್ವೆನ್ಸಿ ಲೆಕ್ಕಕ್ಕೆ ಆಧಾರವಾಗುವ ಭಾಗ) ಇದೆ ಅಂತ ಲೆಕ್ಕ ಹಾಕುತ್ತದೆ, ನಿಜಕ್ಕೂ ಇರುವುದು 28.8. ಇನ್ನು ಟ್ಯೂನ್ ಆಗುವುದಾದರೂ ಹೇಗೆ? ತಯಾರಕರ ಹೆಸರು ಆರ್‌ಟಿಎಲ್‌ಎಸ್‌ಡಿಆರ್‌ಬ್ಲಾಗ್, ಮಾಡೆಲ್ ಬ್ಲಾಗ್ ವಿ4, ಇವನ್ನು ಇಂಗ್ಲಿಷ್‌ನಲ್ಲಿ ಸ್ಪೇಸ್, ದೊಡ್ಡಕ್ಷರ ಎಲ್ಲ ಇದ್ದ ಹಾಗೇ ಮತ್ತೆ ಬರೆದೆವು, ಸರಿಹೋಯಿತು. ಬ್ಯಾಕಪ್ ಫೈಲ್ ಇದ್ದಿದ್ದರೆ ಫೈಲನ್ನು ವಾಪಸ್ ಬರೆಯುವ ಹೈಫನ್ ಡಬ್ಲ್ಯೂ (-w) ಒಂದರಲ್ಲೇ ಮುಗಿಯುತ್ತಿತ್ತು.

ನನ್ನ ಪ್ರಕಾರ ವಿ4ರ ಒಂದೇ ಕೊರತೆ ಇದು: ಅಷ್ಟು ಮುಖ್ಯವಾದ ಹೆಸರನ್ನು ಯಾರು ಬೇಕಾದರೂ ಅಳಿಸಬಹುದು. ಹಾಗಂತ ಅಗ್ಗದ ಡಾಂಗಲ್ ಕಡೆ ಹೋಗಬೇಡಿ. ಅವುಗಳಲ್ಲಿ ಕೆಲವಕ್ಕೆ ಈಪ್ರಾಮ್ ಚಿಪ್ಪೇ ಇರುವುದಿಲ್ಲ, ಸೀರಿಯಲ್ ಬರೆಯಲು ಜಾಗವೇ ಇಲ್ಲ. ಒಂದೇ ಡಾಂಗಲ್ ಇಟ್ಟುಕೊಂಡು ಎಫ್‌ಎಂ ಕೇಳುವವರಿಗೆ ಅದು ನಡೆಯುತ್ತದೆ. ಎರಡು ಬೇಕಾದವರು ಎರಡೂ ವಿ4 ತಗೊಳ್ಳಿ.