‘ತೀರ್ಥಹಳ್ಳಿ’ಯಲ್ಲಿ ಅಕ್ಷರ ಎಷ್ಟು? ಪೈಥಾನ್, ಜಾವಾಸ್ಕ್ರಿಪ್ಟ್, ಗೋ ಮೂರನ್ನೂ ಕೇಳಿ ನೋಡಿದೆ

ನಮ್ಮ ಅತ್ತಿಗೆ ತೀರ್ಥಹಳ್ಳಿ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಜೋರು ಮಳೆಗೆ ಶಾಲೆಗೆ ರಜೆ ಕೊಟ್ಟಾಗ ಮಕ್ಕಳು ಮನೆಯಲ್ಲಿ ಕೂತು ಬಿಡಿಸಲು ಪದಬಂಧ ಬೇಕು ಅಂದರು. "ನಮ್ಮ ಜಿಲ್ಲೆಯ ಊರಿನ ಹೆಸರೇ ಇರಲಿ ಮಾರಾಯ, ಮಕ್ಕಳಿಗೆ ಗೊತ್ತಿರ್ತದೆ" ಎಂದು ಇನ್ನೂರು ಹೆಸರಿನ ಒಂದು ಫೈಲ್ ಕಳಿಸಿದರು. ನಾನು ಪ್ರೋಗ್ರಾಂ ಬರೆದೇ ಹೊಟ್ಟೆ ಹೊರೆಯುವವನು. ಒಂದು ಸಂಜೆಯ ಕೆಲಸ ಅಂದುಕೊಂಡೆ. ಎರಡು ವಾರ ಹಿಡಿಯಿತು.

ಪದಬಂಧದ ನಿಯಮ ಗೊತ್ತಲ್ವಾ, ಒಂದು ಮನೆಗೆ ಒಂದು ಅಕ್ಷರ. ತೀ, ರ್ಥ, ಹ, ಳ್ಳಿ. ನಾಲ್ಕು ಮನೆ. ಗುಡಿಸು, ಕೊಂಬು, ಒತ್ತು ಎಲ್ಲ ಅದೇ ಮನೆಯೊಳಗೆ. ಮೂರನೇ ಕ್ಲಾಸಿನ ಮಗುವೂ ಇದನ್ನು ಬೆರಳು ಮಡಚಿ ಹೇಳುತ್ತದೆ. ಅದೇ ಪ್ರಶ್ನೆಯನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ಮೂರು ಪ್ರೋಗ್ರಾಂ ಭಾಷೆಗಳಿಗೆ ಕೇಳಿದೆ. ಪೈಥಾನ್ 10 ಅಂದಿತು. ಜಾವಾಸ್ಕ್ರಿಪ್ಟ್ ಕೂಡ 10. ಗೋ 30.

ಗೋ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಅದು ಚಿಕ್ಕದು. ತೋಟದಲ್ಲಿ ಎಷ್ಟು ಕೊನೆ ಅಡಿಕೆ ಇದೆ ಎಂದು ಕೇಳಿದರೆ ಎಷ್ಟು ಕೆಜಿ ಎಂದು ಹೇಳಿದ ಹಾಗೆ ಅದರ ಉತ್ತರ. ಅದು ಎಣಿಸುವುದು ಬೈಟ್, ಅಂದರೆ ಕಂಪ್ಯೂಟರಿನಲ್ಲಿ ಹಿಡಿಯುವ ಜಾಗದ ಅಳತೆ. ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಹತ್ತು ಚಿಹ್ನೆಗೆ ಮೂವತ್ತು. ಆದರೆ ಗೋ ಇದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಆಗಲೂ ಟರ್ಮಿನಲ್‌ನಲ್ಲೇ ‘ಗೋ ಡಾಕ್’ ಎಂದು ಹೊಡೆದು ಉದ್ದ ಹೇಳುವ ‘ಲೆನ್’ ಬಗ್ಗೆ ಕೇಳಿದರೆ, ಸ್ಟ್ರಿಂಗ್ (ಅಕ್ಷರಗಳ ಸಾಲು) ಆದರೆ ಬೈಟ್‌ಗಳ ಸಂಖ್ಯೆ ಎಂದು ನೇರವಾಗಿ ಬರೆದಿದೆ. ಒಂದೇ ಸಾಲು, ಗೊಂದಲವೇ ಇಲ್ಲ. ರೂನ್ (ಒಂದೊಂದು ಚಿಹ್ನೆಗೆ ಗೋ ಇಟ್ಟ ಹೆಸರು) ಎಣಿಸಲು ಬೇರೆ ಫಂಕ್ಷನ್ ಇದೆ, ಅದು 10 ಕೊಡುತ್ತದೆ. ನನಗೆ ಬೇಕಾದ 4 ಅದರ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಎಲ್ಲೂ ಇಲ್ಲ, ಅಷ್ಟೆ.

ಪೈಥಾನ್ ಜೊತೆ ಜಗಳ ಜಾಸ್ತಿ ಆಯಿತು, ಯಾಕೆಂದರೆ ನಾನು ದಿನಾ ಬಳಸುವುದು ಅದನ್ನೇ. ಅದರ ‘ಲೆನ್’ ಬಗ್ಗೆ ದಾಖಲೆಯಲ್ಲಿ ನೋಡಿದರೆ ‘ಐಟಂಗಳ ಸಂಖ್ಯೆ’ ಎಂದಿದೆ. ಸರಿ, ಸ್ಟ್ರಿಂಗ್‌ನಲ್ಲಿ ಐಟಂ ಅಂದರೆ ಏನು? ಅದನ್ನು ತಿಳಿಯಲು ಸ್ಟ್ರಿಂಗ್ ಬಗೆಗಿನ ಇನ್ನೊಂದು ಪುಟಕ್ಕೆ ಹೋಗಬೇಕು. ಅಲ್ಲಿ ಯೂನಿಕೋಡ್ (ಎಲ್ಲ ಲಿಪಿಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ) ಕೋಡ್ ಪಾಯಿಂಟ್‌ಗಳ ಸಾಲು ಎಂದಿದೆ. ತ ಒಂದು, ದೀರ್ಘ ಒಂದು, ರ ಒಂದು, ವ್ಯಂಜನವನ್ನು ಅರ್ಧ ಮಾಡುವ ‘ವಿರಾಮ’ ಎಂಬ ಚಿಹ್ನೆ (್) ಒಂದು, ಹೀಗೆ ಹತ್ತು. ಹೇಳಿದ್ದು ಸುಳ್ಳಲ್ಲ, ಆದರೆ ಕೇಳಿದ ಜಾಗದಲ್ಲಿ ಹೇಳಿಲ್ಲ.

ಅದನ್ನಾದರೂ ಕ್ಷಮಿಸಬಹುದು. ಫೈಲ್‌ನಲ್ಲಿ ಹೆಸರಿನ ನಡುವೆ ಅಲ್ಪವಿರಾಮ, ಡ್ಯಾಶ್, ಸಂಖ್ಯೆ ಎಲ್ಲ ಕಲಸಿಹೋಗಿತ್ತು. ಪದಗಳನ್ನಷ್ಟೇ ಹೆಕ್ಕಲು, ಬರಹದಲ್ಲಿ ನಮೂನೆ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ ಹಾಕಿದೆ. ಪದದ ಅಕ್ಷರಗಳಿಗೆ ಅಂತಲೇ ಇರುವ ಗುರುತು ಅದು. ಶಿವಮೊಗ್ಗ ಕೊಟ್ಟೆ. ವಾಪಸ್ ಬಂದದ್ದು ನಾಲ್ಕು ತುಂಡು: ‘ಶ’, ‘ವಮ’, ‘ಗ’, ‘ಗ’. ಗುಡಿಸು, ಒತ್ವ, ವಿರಾಮ ಎಲ್ಲ ಗಾಳಿಗೆ ಹಾರಿಹೋಗಿದ್ದವು. ಮೊದಲು ನನ್ನದೇ ತಪ್ಪು ಅಂದುಕೊಂಡು ಅರ್ಧ ರಾತ್ರಿ ಕೂತೆ.

ತಪ್ಪು ನನ್ನದಲ್ಲ. ಈ ಗುರುತಿಗೆ ಯಾವುದು ಪದದ ಅಕ್ಷರ ಎಂದು ನಿರ್ಧರಿಸುವುದು ‘ಈಸ್‌ಆಲ್ನಮ್’ ಎಂಬ ಇನ್ನೊಂದು ಫಂಕ್ಷನ್. ಅದು ನೋಡುವುದು ಯೂನಿಕೋಡ್‌ನ ‘ಲೆಟರ್’ ವರ್ಗ ಮತ್ತು ಅಂಕಿಗಳನ್ನು. ನಮ್ಮ ಗುಣಿತದ ಚಿಹ್ನೆಗಳು ಯೂನಿಕೋಡ್‌ನಲ್ಲಿ ‘ಮಾರ್ಕ್’ ವರ್ಗಕ್ಕೆ ಸೇರಿವೆ. ಹಾಗಾಗಿ ಪೈಥಾನ್ ಪ್ರಕಾರ ‘ಶಿವಮೊಗ್ಗ’ ಪೂರ್ತಿ ಅಕ್ಷರಗಳಿಂದ ಆದ ಪದವೇ ಅಲ್ಲ. ‘ಈಸ್‌ಆಲ್ಫಾ’ ಕೇಳಿದರೆ ಸುಳ್ಳು ಎನ್ನುತ್ತದೆ. ‘ಸಾಗರ’ವೂ ಸುಳ್ಳು, ಒಂದು ದೀರ್ಘ ಇದೆಯಲ್ಲ, ಅದಕ್ಕೆ. ಸಿಟ್ಟು ಬಂದದ್ದು ಇದಕ್ಕಲ್ಲ. ಹಳೆಯ ಆವೃತ್ತಿಗಳ ದಾಖಲೆಯಲ್ಲಿ ಇದೇ ಗುರುತಿನ ಬಗ್ಗೆ, ಯಾವುದೇ ಭಾಷೆಯ ಪದದಲ್ಲಿ ಬರಬಹುದಾದ ಹೆಚ್ಚಿನ ಅಕ್ಷರಗಳು ಎಂಬ ಅರ್ಥದ ಮಾತಿತ್ತು. ನಾನು ಇಳಿಸಿಟ್ಟುಕೊಂಡಿದ್ದು ಆ ಹಳೆಯದನ್ನೇ. ಆ ‘ಹೆಚ್ಚಿನ’ ಎಂಬುದರ ಹೊರಗೆ ನಮ್ಮ ಅರ್ಧ ವರ್ಣಮಾಲೆ ನಿಂತಿತ್ತು! ಹೊಸ ದಾಖಲೆ ಮಾತು ಬದಲಿಸಿ ನೇರವಾಗಿ ‘ಈಸ್‌ಆಲ್ನಮ್’ ಕಡೆ ಬೆರಳು ತೋರಿಸುತ್ತದೆ.

ಈ ವಿಷಯದಲ್ಲಿ ಉಳಿದೆರಡು ಇನ್ನೂ ಮೊಂಡು. ಜಾವಾಸ್ಕ್ರಿಪ್ಟ್‌ಗೂ ಗೋಗೂ ಆ ಗುರುತು ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಕನ್ನಡ ಕೊಟ್ಟರೆ ಏನೂ ಸಿಗುವುದಿಲ್ಲ. ಆದರೂ ನನಗೆ ಅದೇ ವಾಸಿ ಅನ್ನಿಸಿತು. ಏನೂ ಸಿಗದಿದ್ದರೆ ತಕ್ಷಣ ಗೊತ್ತಾಗುತ್ತದೆ. ಅರ್ಧಂಬರ್ಧ ಸಿಕ್ಕರೆ ಮಕ್ಕಳ ಕೈಗೆ ಹೋದ ಮೇಲೆ ಗೊತ್ತಾಗುತ್ತದೆ. ಎರಡರಲ್ಲೂ ‘ಲೆಟರ್ ಅಥವಾ ಮಾರ್ಕ್’ ಎಂದು ಯೂನಿಕೋಡ್ ವರ್ಗಗಳನ್ನೇ ಹೆಸರಿಸಿ ಹುಡುಕಬಹುದು, ಆಗ ಶಿವಮೊಗ್ಗ ಇಡಿಯಾಗಿ ಬರುತ್ತದೆ. ಪೈಥಾನ್‌ನ ಸ್ವಂತ ಲೈಬ್ರರಿಯಲ್ಲಿ ಅದೂ ಇಲ್ಲ. ‘ರೆಜೆಕ್ಸ್’ ಎಂಬ ಹೊರಗಿನ ಪ್ಯಾಕೇಜ್ ಹಾಕಿಕೊಳ್ಳಬೇಕು.

ಈಗ ಜಾವಾಸ್ಕ್ರಿಪ್ಟ್. ಅದರ ‘ಲೆಂತ್’ ಯುಟಿಎಫ್-16 ಎಂಬ ಇನ್ನೊಂದು ಪದ್ಧತಿಯ ಘಟಕಗಳನ್ನು ಎಣಿಸುತ್ತದೆ. ಕನ್ನಡಕ್ಕೆ ಅದೂ ಕೋಡ್ ಪಾಯಿಂಟ್ ಎಣಿಸಿದಷ್ಟೇ, ನಗುವ ಇಮೋಜಿ ಹಾಕಿದರೆ ಮಾತ್ರ ಒಂದಕ್ಕೆ ಎರಡು ಲೆಕ್ಕ. ಆದರೆ ಅದರ ಹತ್ತಿರ ಉಳಿದೆರಡರಲ್ಲಿ ಇಲ್ಲದ ಒಂದು ಸಾಮಾನು ಇದೆ: ‘ಇಂಟಲ್ ಸೆಗ್ಮೆಂಟರ್’. ಓದುವವರ ಕಣ್ಣಿಗೆ ಒಂದು ಅಕ್ಷರ ಅನ್ನಿಸುವುದನ್ನು ಒಂದಾಗಿ ಕತ್ತರಿಸಲೆಂದೇ ಇರುವುದು. ಭಾಷೆ ಯಾವುದು ಎಂದೂ ಹೇಳಬಹುದು. ನಾನು ಕನ್ನಡ ಎಂದು ಹೇಳಿ, ಇದೇ ಗೆಲ್ಲುತ್ತದೆ ಎಂದುಕೊಂಡು ಓಡಿಸಿದೆ. ಆಗುಂಬೆಗೆ ಮೂರು. ಭಲೇ ಅಂದೆ. ಶಿವಮೊಗ್ಗಕ್ಕೆ ಐದು! ತೀರ್ಥಹಳ್ಳಿಗೆ ಆರು.

ಗುಣಿತ ಸರಿಯಾಗಿ ಹಿಡಿಯಿತು, ಒತ್ತಕ್ಷರದಲ್ಲಿ ಸೋತಿತು. ‘ಳ್’ ಒಂದು ಮನೆ, ‘ಳಿ’ ಇನ್ನೊಂದು ಮನೆ. ಇನ್ನೊಂದು ಪರೀಕ್ಷೆ ಮಾಡಿದೆ. ದೇವನಾಗರಿ ಲಿಪಿಯಲ್ಲಿ ‘ದಿಲ್ಲಿ’ ಬರೆದು ಕೊಟ್ಟರೆ ಎರಡು ಎಂದಿತು. ಕನ್ನಡ ಲಿಪಿಯಲ್ಲಿ ಅದೇ ದಿಲ್ಲಿ ಮೂರು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯಬಾರದು ಎಂಬ ನಿಯಮ ಬಂತು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಪಕ್ಕದ ಮನೆ ತೆಲುಗಿಗೆ ಇದೆ, ಕನ್ನಡಕ್ಕೆ ಇಲ್ಲ. ಸೆಗ್ಮೆಂಟರ್ ದಾಖಲೆಯಲ್ಲಿ ಫ್ರೆಂಚ್ ಉದಾಹರಣೆ ಇದೆ, ಜಪಾನಿ ಉದಾಹರಣೆ ಇದೆ. ಲಿಪಿಯಿಂದ ಲಿಪಿಗೆ ಹೀಗೆ ವ್ಯತ್ಯಾಸ ಆದೀತು ಎಂಬ ಸುಳಿವು ನಾನು ಓದಿದ ಪುಟದಲ್ಲಿ ಸಿಗಲಿಲ್ಲ.

ಸಣ್ಣಪುಟ್ಟ ಹೋಲಿಕೆಗಳು ಇನ್ನೂ ಇವೆ. ಪದಬಂಧದ ಸುಳಿವಿಗೆ ಅತ್ತಿಗೆ ಕನ್ನಡ ಅಂಕಿ ಹಾಕಿದ್ದರು. ಪೈಥಾನ್‌ನ ‘ಇಂಟ್’ಗೆ ‘೧೨’ ಕೊಟ್ಟರೆ ತಕರಾರಿಲ್ಲದೆ 12 ಕೊಟ್ಟಿತು, ದಾಖಲೆಯಲ್ಲೂ ಅದನ್ನು ಹೇಳಿದೆ. ಇಲ್ಲಿ ನನಗೆ ನಿಜವಾಗಿ ಖುಷಿಯಾಯಿತು. ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯೇ ಅಲ್ಲ ಅಂದಿತು, ಗೋ ಎರರ್ ಕೊಟ್ಟಿತು.

ಇನ್ನು ಆ ಫೈಲ್‌ನಲ್ಲಿ ಶಿವಮೊಗ್ಗ ಎರಡು ಸಲ ಇತ್ತು. ಕಣ್ಣಿಗೆ ಎರಡೂ ಒಂದೇ. ಆದರೆ ಮೂರು ಭಾಷೆಗಳೂ ಬೇರೆ ಬೇರೆ ಅಂದವು. ಯಾವುದೋ ಹಳೆ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಾಯಿಸಿದ ಫೈಲ್ ಅದು. ಒಂದರಲ್ಲಿ ‘ಮೊ’ದ ಒತ್ವ ಒಂದೇ ಚಿಹ್ನೆ, ಇನ್ನೊಂದರಲ್ಲಿ ಎತ್ವ ಮತ್ತು ಕೊಂಬಿನ ದೀರ್ಘ ಸೇರಿಸಿ ಮಾಡಿದ್ದು. ಇದಕ್ಕೆ ನಾರ್ಮಲೈಸ್ ಮಾಡಬೇಕು, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಅದು ಒಳಗೇ ಇದೆ. ಗೋದಲ್ಲಿ ಹೊರಗಿನಿಂದ ತರಬೇಕು.

ಅಕಾರಾದಿ ಜೋಡಿಸುವಾಗ ಮೂರೂ ಒಂದೇ ತಪ್ಪು ಮಾಡಿದವು. ಹೊಳೆಹೊನ್ನೂರು ಮೊದಲು, ಹೊಸನಗರ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ ಅಲ್ವಾ? ಯೂನಿಕೋಡ್ ಪಟ್ಟಿಯಲ್ಲಿ ಅದು ‘ಲ’ ಮತ್ತು ‘ವ’ ನಡುವೆ ಕೂತಿದೆ. ಸುಮ್ನೆ ‘ಸಾರ್ಟ್’ ಎಂದರೆ ಆ ಪಟ್ಟಿಯ ಪ್ರಕಾರವೇ ಜೋಡಿಸುತ್ತವೆ. ಹೋಲಿಸುವ ಮುಂಚೆ ‘ಳ’ವನ್ನು ‘ಹ’ ಆದಮೇಲೆ ತಳ್ಳುವ ಒಂದು ಸಣ್ಣ ಫಂಕ್ಷನ್ ಬರೆದುಕೊಂಡೆ.

ಕೊನೆಗೆ ಅಕ್ಷರ ಎಣಿಸುವುದನ್ನೂ ನಾನೇ ಬರೆದೆ, ಪೈಥಾನ್‌ನಲ್ಲಿ, ಸುಮಾರು ಹದಿನೈದು ಸಾಲು. ಮಾರ್ಕ್ ಬಂದರೆ ಹಿಂದಿನ ಮನೆಗೇ ಸೇರಿಸು. ವ್ಯಂಜನ ಬಂದರೆ, ಅದರ ಹಿಂದೆ ವಿರಾಮ ಇದ್ದರೆ ಅದೇ ಮನೆ, ಇಲ್ಲದಿದ್ದರೆ ಹೊಸ ಮನೆ. ‘ಸಾಫ್ಟ್‌ವೇರ್’ ತರಹದ ಪದದಲ್ಲಿ ನಡುವೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ, ‘ವೇ’ ಒತ್ತಾಗದಂತೆ ತಡೆಯುವುದು. ಅದು ಬಂದರೆ ಗೋಡೆ ಎಂದು ತಿಳಿ. ಅಷ್ಟೇ ನಿಯಮ. ‘ವಿಕಟಕವಿ’ಯನ್ನು ಪೈಥಾನ್‌ನಲ್ಲಿ ಸುಮ್ನೆ ತಿರುಗಿಸಿದರೆ ಗುಡಿಸು ಜಾಗ ಬಿಟ್ಟು ನಡುವಿನ ‘ಕ’ ಮೇಲೆ ಹೋಗಿ ಕೂತು ‘ಕಿ’ ಆಗುತ್ತಿತ್ತು. ಈ ಹದಿನೈದು ಸಾಲಿನಿಂದ ಮನೆ ಮಾಡಿ ತಿರುಗಿಸಿದಾಗ ವಿಕಟಕವಿಯಾಗಿಯೇ ಉಳಿಯಿತು.

ಕಾಗದದ ಮೇಲೆ ಅಚ್ಚು ಹಾಕಿ ಕೊಡುವುದಾದರೆ ನನ್ನ ಓಟು ಪೈಥಾನ್‌ಗೇ, ಹೊರಗಿನ ‘ರೆಜೆಕ್ಸ್’ ಜೊತೆಗೆ. ದಾಖಲೆಯ ನೇರ ಮಾತಿಗೆ ಗೋ ಮೊದಲು, ಆದರೆ ಈ ಕೆಲಸಕ್ಕೆ ಅದನ್ನು ಮತ್ತೆ ಮುಟ್ಟಲಿಲ್ಲ. ಮಕ್ಕಳು ಈಗ ಮೊಬೈಲ್‌ನಲ್ಲಿ ಆಡಬೇಕು ಎನ್ನುತ್ತಿದ್ದಾರಂತೆ. ಅದಕ್ಕೆ ಜಾವಾಸ್ಕ್ರಿಪ್ಟೇ ಆಗಬೇಕು. ಸೆಗ್ಮೆಂಟರ್ ಕಿತ್ತು ಹಾಕಿ ಆ ಹದಿನೈದು ಸಾಲನ್ನೇ ಅಲ್ಲಿಗೂ ಇಳಿಸುತ್ತಿದ್ದೇನೆ, ಕರೆಂಟ್ ಇದ್ದಾಗ.