ಲೆದರ್ ಸೋಫಾ ಅಂತ ತಂದದ್ದು ಮೂರನೇ ವರ್ಷಕ್ಕೆ ಸಿಪ್ಪೆ ಸುಲಿಯಿತು

ಬಿಳಿ ಪ್ಯಾಂಟ್ ಹಾಕಿ ಸೋಫಾ ಮೇಲೆ ಕೂತಿದ್ದೆ. ಎದ್ದಾಗ ತೊಡೆಯ ಹಿಂದೆಲ್ಲ ಕಂದು ಬಣ್ಣದ ಚೂರುಗಳು, ಮೀನಿನ ಹುರುಪೆಯ ಹಾಗೆ. ಕೊಡವಿದರೆ ಬೀಳಲಿಲ್ಲ, ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ತಿರುಗಿ ನೋಡಿದರೆ, ನಾನು ದಿನಾ ಕೂರುವ ಜಾಗದಲ್ಲಿ ಅಂಗೈ ಅಗಲದಷ್ಟು ಮೇಲ್ಪದರ ಎದ್ದುಹೋಗಿ ಒಳಗೆ ಬಟ್ಟೆಯ ನೇಯ್ಗೆ ಕಾಣುತ್ತಿತ್ತು. ಚರ್ಮದ ಕೆಳಗೆ ನೇಯ್ಗೆ ಎಲ್ಲಿಂದ ಬಂತು? ಈ ಪ್ರಶ್ನೆ ಕೊಳ್ಳುವ ದಿನವೇ ಹೊಳೆಯಬೇಕಿತ್ತು.

ಆ ದಿನ ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಮಾತು: "ಇದು ಲೆದರ್ ತಾನೇ?" "ಹೌದು ಸರ್, ಲೆದರೇ" ಅಂದರು. ಬಿಲ್ಲಿನಲ್ಲೂ ಅಷ್ಟೇ ಬರೆದಿತ್ತು. ಸುಲಿಯಲು ಶುರುವಾದ ಮೇಲೆ ಸೋಫಾ ಮಗುಚಿ ನೋಡಿದೆ. ಅಡಿಯ ಲೇಬಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿ 'ಬಾಂಡೆಡ್ ಲೆದರ್' ಅಂತ ಇತ್ತು.

ಚರ್ಮ ಕತ್ತರಿಸಿ ಉಳಿದ ಚೂರುಪಾರನ್ನು ಪುಡಿ ಮಾಡಿ, ಅಂಟು ಸೇರಿಸಿ, ಬಟ್ಟೆಯ ಮೇಲೆ ಹರಡಿ, ಮೇಲೊಂದು ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ಪದರ ಕೊಟ್ಟು, ಚರ್ಮದ ಗೆರೆಗಳ ಅಚ್ಚು ಒತ್ತಿದರೆ ಬಾಂಡೆಡ್ ಲೆದರ್ ಆಯಿತು. ಹೊಸದರಲ್ಲಿ ಥಳಥಳ ಅನ್ನುತ್ತದೆ. ಆದರೆ ಬೆವರು, ತಲೆಯ ಎಣ್ಣೆ, ಗಾಳಿಯ ತೇವ ಇವಕ್ಕೆಲ್ಲ ಆ ಪದರ ನಿಧಾನವಾಗಿ ಸೋಲುತ್ತದೆ. ಒಮ್ಮೆ ಏಳಲು ಶುರುವಾದರೆ ಮುಗೀತು. ನಾನು ಅಂಟು ಹಾಕಿದೆ, ಬಣ್ಣ ಬಳಿದೆ. ಬಳಿದ ಬಣ್ಣವನ್ನೂ ಹೊತ್ತುಕೊಂಡೇ ಪದರ ಎದ್ದು ಬಂತು. ವಾರಂಟಿ ಕೇಳಿದರೆ ಮರದ ಚೌಕಟ್ಟಿಗೆ, ಸ್ಪ್ರಿಂಗಿಗೆ ಮಾತ್ರವಂತೆ. ಒಳ್ಳೆ ರೆಕ್ಸಿನ್ ತಂದಿದ್ದರೆ ದುಡ್ಡೂ ಉಳಿಯುತ್ತಿತ್ತು, ಮೋಸ ಹೋದೆ ಅನ್ನೋ ಉರಿಯೂ ಇರುತ್ತಿರಲಿಲ್ಲ.

ನನ್ನ ದಡ್ಡತನ ಅಲ್ಲಿಗೇ ನಿಲ್ಲಲಿಲ್ಲ. ಇನ್ನು ಅಸಲಿಯೇ ಬೇಕು ಅನ್ನೋ ಹಟದಲ್ಲಿ ಅನಿಲೀನ್ ಲೆದರಿನ ಒಂದು ಕುರ್ಚಿ ತಂದೆ. ಅದು ನಿಜಕ್ಕೂ ಅಸಲಿಯೇ. ಬಣ್ಣ ಚರ್ಮದೊಳಗೆ ಇಳಿದಿರುತ್ತದೆ, ಮೇಲೆ ದಪ್ಪ ಲೇಪ ಇರುವುದಿಲ್ಲ, ಮುಟ್ಟಿದರೆ ಬೆಣ್ಣೆಯಷ್ಟು ಮೆದು. ಲೇಪ ಇಲ್ಲದ ಕಾರಣಕ್ಕೇ ಬಿದ್ದದ್ದನ್ನೆಲ್ಲ ಹೀರುತ್ತದೆ, ಬಿಸಿಲಿಗೆ ಬಣ್ಣ ಬಿಡುತ್ತದೆ. ಕೆಲವೇ ತಿಂಗಳಲ್ಲಿ ತಲೆ ಆನಿಸುವ ಕಡೆ ಕಪ್ಪನೆ ಎಣ್ಣೆ ಕಲೆ. ಈಗ ಅದರ ಮೇಲೆ ಯಾವಾಗಲೂ ಟವೆಲ್ ಹಾಸಿರುತ್ತೇವೆ. ಚೆಂದದ ಲೆದರ್ ನೋಡಿದವರೇ ಇಲ್ಲ!

ಮನೆಯಲ್ಲಿ ಮಕ್ಕಳು, ನಾಯಿ, ಬೆಕ್ಕು ಇದ್ದರೆ ಪಿಗ್ಮೆಂಟೆಡ್ ಲೆದರ್ ಸಾಕು. ಮೇಲೆ ಬಣ್ಣದ ರಕ್ಷಣೆ ಇರುವುದರಿಂದ ಅಷ್ಟು ಮೆದುವಿರುವುದಿಲ್ಲ, ಆದರೆ ಚೆಲ್ಲಿದ್ದನ್ನು ಒರೆಸಿದರೆ ಆಯಿತು. ಲೇಬಲ್ಲಿನಲ್ಲಿ 'ಸ್ಪ್ಲಿಟ್' ಅಂತ ಇದ್ದರೆ, ಅದು ತೊಗಲನ್ನು ಸೀಳಿದಾಗ ಸಿಗುವ ಕೆಳಪದರ. ಅದೂ ಚರ್ಮವೇ, ಆದರೆ ಮೇಲ್ಪದರದಷ್ಟು ಗಟ್ಟಿಯಲ್ಲ. ಇನ್ನೊಂದು ಕಿತಾಪತಿ 'ಲೆದರ್ ಮ್ಯಾಚ್'. ಕೂರುವ, ಒರಗುವ ಕಡೆ ಮಾತ್ರ ಚರ್ಮ, ಪಕ್ಕಕ್ಕೂ ಹಿಂಬದಿಗೂ ರೆಕ್ಸಿನ್. ಗೊತ್ತಿದ್ದೇ ತಗೊಂಡರೆ ತಪ್ಪೇನಿಲ್ಲ. ಗೊತ್ತಿರಬೇಕು ಅಷ್ಟೇ.

ವಾಸನೆ ನೋಡಿ ನಂಬಬೇಡಿ, ಅದನ್ನೂ ಸೇರಿಸುತ್ತಾರೆ. ಕುಶನ್ನಿನ ಜಿಪ್ ತೆಗೆದು ಹೊದಿಕೆಯ ಹಿಂಬದಿ ನೋಡಿ. ಅಸಲಿ ಚರ್ಮದ ಹಿಂಬದಿ ನವಿರಾದ ನಾರುನಾರಾಗಿರುತ್ತದೆ. ನೇಯ್ದ ಬಟ್ಟೆ ಕಂಡರೆ ಅನುಮಾನ ಪಡಿ. ಜಿಪ್ ತೆಗೆಯಲು ಬಿಡದಿದ್ದರೆ ನಾನಂತೂ ಅಲ್ಲಿಂದ ಎದ್ದು ಬರುತ್ತೇನೆ. ಮೇಲ್ಮೈಯ ಗೆರೆಗಳನ್ನೂ ಗಮನಿಸಿ. ಒಂದೇ ಚಿತ್ತಾರ ಅಳತೆ ಹಿಡಿದ ಹಾಗೆ ಮತ್ತೆ ಮತ್ತೆ ಬಂದರೆ ಅದು ಅಚ್ಚು ಒತ್ತಿದ್ದು. ಸಣ್ಣ ಗಾಯದ ಗುರುತು, ಕೀಟ ಕಚ್ಚಿದ ಕಲೆ ಕಂಡರೆ ಬೇಜಾರಾಗಬೇಡಿ, ಅಸಲಿ ತೊಗಲಿನಲ್ಲಿ ಅವು ಇದ್ದದ್ದೇ.

ಬಿಲ್ಲಿನಲ್ಲಿ ಬರೀ 'ಲೆದರ್' ಅಂತ ಬರೆಯಲು ಬಿಡಬೇಡಿ. ಯಾವ ಲೆದರ್, ಯಾವ ಯಾವ ಭಾಗಕ್ಕೆ, ಹೊದಿಕೆಗೆ ವಾರಂಟಿ ಎಷ್ಟು ವರ್ಷ, ಇಷ್ಟನ್ನೂ ಬರೆಸಿಕೊಂಡ ಮೇಲೆ ದುಡ್ಡು ಕೊಡಿ.